ಮೌಸ್‌ಗೆಂದು ಕಟ್ಟಿದ ಮನೆಗೆ ಪೆನ್ನು ಬಂದಾಗ

2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಕಂಪ್ಯೂಟರನ್ನು ಜನರ ಮುಂದಿಟ್ಟರು. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು 1999ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು ರೂಪಿಸಿದ ಯಂತ್ರ ಅದು. ಸರಳ, ಅಗ್ಗ, ಬಹುಭಾಷಿಕ, ಜನರ ಕಂಪ್ಯೂಟರ್ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಹೆಸರಿಟ್ಟಿದ್ದರು. ಒಂದು ಊರಿಗೆ ಒಂದೇ ಯಂತ್ರವಿದ್ದರೂ ಸಾಕು, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್‌ಕಾರ್ಡ್ ತಂದು ತೂರಿಸಿ ತಮ್ಮ ಕೆಲಸ ಮಾಡಿಕೊಂಡು ಹೋಗಬಹುದು ಎಂಬುದು ಲೆಕ್ಕಾಚಾರ.

ಅದಕ್ಕೆ ಕೀಬೋರ್ಡ್ ಇರಲಿಲ್ಲ, ಮೌಸ್ ಕೂಡ ಇರಲಿಲ್ಲ. 320×240 ಚುಕ್ಕಿಗಳ ಒಂದು ಪರದೆ, ಅದರ ಮೇಲೆ ಒತ್ತಲು ಒಂದು ಪ್ಲಾಸ್ಟಿಕ್ ಕಡ್ಡಿ, ಅಷ್ಟೆ. ಕೀಬೋರ್ಡ್ ಬಿಟ್ಟದ್ದು ಬರೀ ದುಡ್ಡು ಉಳಿಸಲಿಕ್ಕಲ್ಲ. ಎ, ಎಸ್, ಡಿ, ಎಫ್ ಎಂದು ಇಂಗ್ಲಿಷಿನಲ್ಲಿ ಕೂತ ಕೀಲಿಗಳ ಮುಂದೆ ಕನ್ನಡವನ್ನಷ್ಟೇ ಓದಬಲ್ಲವರು, ಏನನ್ನೂ ಓದಲಾರದವರು ಹೆದರಿ ಹಿಂದೆ ಸರಿಯುತ್ತಾರೆ. ಸ್ಲೇಟು ಬಳಪ ಹಿಡಿದ ಕೈಗೆ ಕಡ್ಡಿ ಅಷ್ಟು ಪರಕೀಯವಲ್ಲ. ಬೆರಳಿಗೆ ತಿಳಿದದ್ದನ್ನು ಯಂತ್ರವೂ ಕಲಿಯಲಿ ಎಂಬ ಆಸೆ ಅದು.

ಯಂತ್ರಕ್ಕೆ ಅದನ್ನು ಕಲಿಸುವುದೇ ಕಷ್ಟದ ಕೆಲಸವಾಗಿತ್ತು. ಸಿಂಪ್ಯೂಟರ್‌ನಲ್ಲಿದ್ದ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಒಂದೊಂದು ಯಂತ್ರಕ್ಕೂ ಲೈಸೆನ್ಸ್ ಶುಲ್ಕ ತೆತ್ತು ಬಡವರ ಕಂಪ್ಯೂಟರ್ ಮಾಡಲಾಗದು, ಹಾಗಾಗಿ ಆ ಆಯ್ಕೆ ಸರಿಯೇ. ಆದರೆ ಸರ್ವರ್ ಕೋಣೆಗಳಲ್ಲಿ ಆಗಲೇ ಬೇರು ಬಿಟ್ಟಿದ್ದ ಲಿನಕ್ಸ್, ಅಂಗೈ ಯಂತ್ರಗಳ ಲೋಕದಲ್ಲಿ ಹೊರಗಿನವನು. ಅಲ್ಲಿ ಪಾಮ್, ವಿಂಡೋಸ್ ಸಿಇ, ಸೈಯನ್‌ಗಳ ರಾಜ್ಯಭಾರ. ಪಾಮ್ ಹುಟ್ಟಿದ್ದೇ ಕಡ್ಡಿಗಾಗಿ. ಲಿನಕ್ಸ್‌ಗೆ ಕಡ್ಡಿಯೆಂದರೆ ಏನೆಂದೇ ಗೊತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುತ್ತಿದ್ದುದು ಎಕ್ಸ್ ಎಂಬ ವ್ಯವಸ್ಥೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದನ್ನು ಶುರುಮಾಡಿದರು. 1987ರ ಹನ್ನೊಂದನೇ ಆವೃತ್ತಿಯೇ ಮುಂದೆ ದಶಕಗಳ ಕಾಲ ನಡೆಯಿತು. ಅದರ ಅಡಿಪಾಯದಲ್ಲೇ ಒಂದು ನಂಬಿಕೆ ಕೂತಿತ್ತು: ಮೇಜಿನ ಮುಂದೆ ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಮೌಸ್, ಪರದೆಯ ಮೇಲೆ ಒಂದು ಬಾಣ. ಆ ಬಾಣ ಯಾವಾಗಲೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಕಡ್ಡಿಯ ಸಂಗತಿ ಹಾಗಲ್ಲ. ಪರದೆಯಿಂದ ಎತ್ತಿದ ಕೂಡಲೇ ಅದು ಎಲ್ಲಿಯೂ ಇಲ್ಲ. ಮುಟ್ಟುವವರೆಗೆ ಅದು ಬರುತ್ತಿದೆ ಎಂಬುದೂ ಯಂತ್ರಕ್ಕೆ ತಿಳಿಯದು. ಹಾಗಾಗಿ ಬಾಣವನ್ನು ಮೇಲೆ ತಂದಾಗ ತೆರೆದುಕೊಳ್ಳುವ ಮೆನುಗಳು ತೆರೆಯುವುದಿಲ್ಲ. ಬಲಗುಂಡಿ ಇಲ್ಲವೆಂದು ಒತ್ತಿ ಹಿಡಿದರೆ ಬಲಗುಂಡಿ ಎಂಬ ಒಪ್ಪಂದ ಮಾಡಿಕೊಂಡರೆ, ನಿಧಾನವಾಗಿ ಒತ್ತುವ ವಯಸ್ಸಾದವರಿಗೆ ಪ್ರತಿಸಲವೂ ಬೇಡದ ಮೆನು ಎದುರಾಗುತ್ತದೆ.

ಇದಕ್ಕಿಂತ ಕೆಳಗೆ ಇನ್ನೂ ಒರಟಾದ ತೊಂದರೆ ಇತ್ತು. ಆ ಕಾಲದ ಅಗ್ಗದ ಟಚ್‌ಸ್ಕ್ರೀನ್ ಎಂದರೆ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ಜೋಡಿಸಿದ ಎರಡು ಪಾರದರ್ಶಕ ಹಾಳೆಗಳು. ಎರಡಕ್ಕೂ ವಿದ್ಯುತ್ ಹರಿಯುವ ತೆಳು ಲೇಪ. ಮೇಲಿನ ಹಾಳೆಯನ್ನು ಒತ್ತಿದರೆ ಅದು ಬಾಗಿ ಕೆಳಗಿನದಕ್ಕೆ ತಾಗುತ್ತದೆ. ಒಂದು ಹಾಳೆಯ ಎರಡು ಅಂಚುಗಳ ನಡುವೆ ವೋಲ್ಟೇಜ್ ಕೊಟ್ಟು ಇನ್ನೊಂದರಿಂದ ಅಳೆದರೆ, ತಾಗಿದ್ದು ಎಷ್ಟು ದೂರದಲ್ಲಿ ಎಂದು ಗೊತ್ತಾಗುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೊಳಗಿನ ತತ್ವವೇ ಇದು, ಹಾಳೆಯಾಗಿ ಹರಡಿದೆ ಅಷ್ಟೆ. ಆ ಗುಂಡಿ ಹಳತಾದಾಗ ಕರಕರ ಎನ್ನುತ್ತದಲ್ಲ, ಈ ಹಾಳೆ ಹೊಸತರಲ್ಲೇ ಹಾಗೆ. ಕಡ್ಡಿ ಒಂದೇ ಕಡೆ ನಿಂತಿದ್ದರೂ ಅಳತೆ ಆಚೀಚೆ ಜಿಗಿಯುತ್ತಿರುತ್ತದೆ. ಕಡ್ಡಿ ಎತ್ತುವ ಗಳಿಗೆಯಲ್ಲಂತೂ ಒತ್ತಡ ಸಡಿಲಾಗಿ ಕೊನೆಯ ಒಂದೆರಡು ಅಳತೆಗಳು ಎಲ್ಲೆಲ್ಲೋ ಹಾರುತ್ತವೆ. ಮೌಸ್‌ನ ವ್ಯಾಕರಣದಲ್ಲಿ ಬೆರಳು ಎತ್ತಿದ ಜಾಗವೇ ಕ್ಲಿಕ್ ಆದ ಜಾಗ. ಹೀಗಾಗಿ ‘ಉಳಿಸು’ ಒತ್ತಿದವರಿಗೆ ‘ಅಳಿಸು’ ಒತ್ತಿದಂತಾಗುವ ಸಾಧ್ಯತೆ ಇತ್ತು.

ಈ ಗೋಳನ್ನು ಬಿಡಿಸುವ ಕೆಲಸ ನಡೆದದ್ದು ಹೆಚ್ಚಾಗಿ ಬೇರೊಂದು ಯಂತ್ರದ ಸುತ್ತ. 2000ದಲ್ಲಿ ಕಾಂಪ್ಯಾಕ್ ಕಂಪನಿ ಐಪ್ಯಾಕ್ ಎಂಬ ಅಂಗೈ ಯಂತ್ರ ತಂದಿತು. ಅದು ಮಾರಾಟವಾದದ್ದು ಮೈಕ್ರೋಸಾಫ್ಟ್‌ನ ವ್ಯವಸ್ಥೆಯೊಂದಿಗೆ, ಆದರೆ ಅದೇ ಕಂಪನಿಯ ಕೇಂಬ್ರಿಡ್ಜ್ ಸಂಶೋಧನಾಲಯದಲ್ಲಿದ್ದವರು ಅದನ್ನು ಅಳಿಸಿ ಲಿನಕ್ಸ್ ತುಂಬಿದರು. ಅಲ್ಲಿದ್ದವರಲ್ಲಿ ಒಬ್ಬರು ಎಕ್ಸ್‌ನ ಜನಕರಲ್ಲೊಬ್ಬರಾದ ಜಿಮ್ ಗೆಟ್ಟಿಸ್. ತಾವು ಮೇಜಿಗೆಂದು ಕಟ್ಟಿದ್ದನ್ನು ಹದಿನಾರು ವರ್ಷಗಳ ಮೇಲೆ ತಾವೇ ಜೇಬಿಗೆ ಇಳಿಸಹೊರಟಿದ್ದರು. ಐಪ್ಯಾಕ್‌ನ ಒಳಗಿದ್ದುದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್; ಸಿಂಪ್ಯೂಟರ್‌ನಲ್ಲೂ ಅದೇ ಜಾತಿಯದು. ಪರದೆಯ ಅಳತೆಯೂ ಅದೇ. ಬೆಂಗಳೂರು, ಕೇಂಬ್ರಿಡ್ಜ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಗಾತ್ರದ ಗೋಡೆಗೆ ತಲೆ ಕೊಡಬೇಕಿತ್ತು.

ಕೀತ್ ಪ್ಯಾಕರ್ಡ್ ಎಕ್ಸ್ ಸರ್ವರನ್ನು ಕೆತ್ತಿ ಕೆತ್ತಿ ಸಣ್ಣ ಯಂತ್ರದ ನೆನಪಿನಲ್ಲಿ ಹಿಡಿಸುವಂತೆ ಮಾಡಿದರು. ಕೆ-ಡ್ರೈವ್ ಎಂಬ ಈ ಕಿರಿಯ ರೂಪದಿಂದಲೇ ಮುಂದೆ 2005ರ ನೋಕಿಯಾ 770ರ ಎಕ್ಸ್ ಸರ್ವರ್ ಹುಟ್ಟಿತು. ಅಂಗೈ ಯಂತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿಯುತ್ತಾರೆ, ಆಗ ಪರದೆ ತಿರುಗಬೇಕು. ಎಕ್ಸ್‌ಗೆ ಅದೂ ಗೊತ್ತಿರಲಿಲ್ಲ. ಗೆಟ್ಟಿಸ್ ಮತ್ತು ಪ್ಯಾಕರ್ಡ್ 2001ರಲ್ಲಿ ಅದಕ್ಕೊಂದು ವಿಸ್ತರಣೆ ಬರೆದರು. ಇಂದು ಲಿನಕ್ಸ್ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಸಿಕ್ಕಿಸಿ ಪರದೆಯ ಅಳತೆ ಬದಲಿಸುವವರಲ್ಲಿ ಅನೇಕರು ಬಳಸುವ ಎಕ್ಸ್‌ರ್ಯಾಂಡ್‌ಆರ್ ಎಂಬ ಆದೇಶದ ಮೂಲ ಅದೇ.

ನಡುಗುವ ಅಳತೆಗಳಿಗೆ ಮದ್ದು ಕೊಟ್ಟವರು ಬ್ರಿಟನ್ನಿನ ರಸೆಲ್ ಕಿಂಗ್. ಆರ್ಮ್ ಚಿಪ್‌ಗಳಿಗೆ ಲಿನಕ್ಸ್ ಒಗ್ಗಿಸಿದ ಮನುಷ್ಯ ಅವರೇ. ಅವರ ಟಿಎಸ್‌ಲಿಬ್ ಒಂದು ಪುಟ್ಟ ತಂತ್ರಾಂಶ, ಅದರ ಉಪಾಯ ಮನೆಯ ಅಡುಗೆಯಷ್ಟು ಸರಳ: ಒಂದರ ಕೆಳಗೊಂದು ಜರಡಿ. ಒತ್ತಡ ತೀರಾ ಕಡಿಮೆಯಿದ್ದ ಅಳತೆಯನ್ನು ಮೊದಲ ಜರಡಿ ಎಸೆಯುತ್ತದೆ. ಕಡ್ಡಿ ಎತ್ತುವಾಗಿನ ಹಾರಾಟ ಅಲ್ಲಿಗೆ ನಿಂತಿತು. ಇದ್ದಕ್ಕಿದ್ದಂತೆ ದೂರ ಜಿಗಿದ ಅಳತೆಯನ್ನು ಇನ್ನೊಂದು ಜರಡಿ ಕೂಡಲೇ ನಂಬುವುದಿಲ್ಲ, ಮುಂದಿನದೂ ಅಲ್ಲೇ ಬಂದರೆ ಮಾತ್ರ ಒಪ್ಪುತ್ತದೆ. ಮತ್ತೊಂದು, ಹಿಂದಿನ ಕೆಲವು ಚುಕ್ಕಿಗಳೊಂದಿಗೆ ಸೇರಿಸಿ ನಡುಕವನ್ನು ನುಣುಪು ಮಾಡುತ್ತದೆ. ಕೊನೆಯದು ವೋಲ್ಟೇಜಿನ ಲೆಕ್ಕವನ್ನು ಪರದೆಯ ಚುಕ್ಕಿಗೆ ಹೊಂದಿಸುತ್ತದೆ.

ಈ ಹೊಂದಿಕೆಗೆ ಪರದೆಯ ಮೇಲೆ ಒಂದೊಂದಾಗಿ ಐದು ಕಡೆ ಕೂಡುಚಿಹ್ನೆ ಮೂಡುತ್ತದೆ, ಒಂದೊಂದನ್ನೂ ಕಡ್ಡಿಯಿಂದ ಒತ್ತಬೇಕು. ಹಾಳೆಯನ್ನು ಅಂಟಿಸುವಾಗ ಕೊಂಚ ಓರೆಯಾಗಿರುತ್ತದೆ, ಒಂದು ಯಂತ್ರದಂತೆ ಇನ್ನೊಂದಿರುವುದಿಲ್ಲ. ಐದು ಒತ್ತುಗಳಿಂದ ಆರು ಸಂಖ್ಯೆಗಳು ಸಿಗುತ್ತವೆ: ಎಷ್ಟು ಹಿಗ್ಗಿಸಬೇಕು, ಎಷ್ಟು ಓರೆ ತಿದ್ದಬೇಕು, ಎಷ್ಟು ಸರಿಸಬೇಕು. ಭಿನ್ನರಾಶಿ ತಪ್ಪಿಸಲು ಭಾಜಕವಾಗಿ ಏಳನೆಯದೊಂದು. ಈ ಏಳು ಸಂಖ್ಯೆಗಳ ಕಡತವೇ ಆ ಯಂತ್ರದ ಕಣ್ಣಿನ ಕನ್ನಡಕ.

ಇಷ್ಟಾದರೆ ಒತ್ತುವುದು ಸರಿಹೋಯಿತು. ಬರೆಯುವುದು? ಆ್ಯಪಲ್‌ನ ನ್ಯೂಟನ್ 1993ರಲ್ಲಿ ಕೈಬರಹವನ್ನೇ ಓದುತ್ತೇನೆಂದು ಹೊರಟು ನಗೆಪಾಟಲಾಗಿತ್ತು. 1996ರಲ್ಲಿ ಪಾಮ್ ಬುದ್ಧಿವಂತಿಕೆಯಿಂದ ಷರತ್ತು ತಿರುಗಿಸಿತು: ಯಂತ್ರ ಮನುಷ್ಯನ ಬರಹ ಕಲಿಯುವುದು ಬೇಡ, ಮನುಷ್ಯನೇ ಒಂದೇ ಎಳೆತದ ಸರಳ ಅಕ್ಷರಗಳನ್ನು ಕಲಿಯಲಿ. ಗ್ರಫಿಟಿ ಎಂಬ ಆ ಬರಹವನ್ನು ಜನ ಕಲಿತರೂ ಕಲಿತರು. ಇದು ತನ್ನ ಪೇಟೆಂಟ್ ಎಂದು ಜೆರಾಕ್ಸ್ ಕಂಪನಿ 1997ರಲ್ಲಿ ದಾವೆ ಹೂಡಿತು. 2006ರಲ್ಲಿ ಅದು 2.25 ಕೋಟಿ ಡಾಲರಿಗೆ ರಾಜಿಯಾಯಿತು. ಲಿನಕ್ಸ್‌ಗೆ ಕಾರ್ಲ್ ವರ್ತ್ ಬರೆದ ಎಕ್ಸ್‌ಸ್ಟ್ರೋಕ್ ಇನ್ನೊಂದು ದಾರಿ ಹಿಡಿಯಿತು. ಎಳೆದ ಗೆರೆಯನ್ನು ಮೂರಡ್ಡ ಮೂರುದ್ದ ಒಂಬತ್ತು ಮನೆಗಳ ಮೇಲಿಟ್ಟು, ಗೆರೆ ಯಾವ ಯಾವ ಮನೆ ಹಾದುಹೋಯಿತೆಂದು ಅಂಕಿಗಳ ಸಾಲು ಮಾಡುವುದು. ಇಂಗ್ಲಿಷಿನ ಎಲ್ ಆದರೆ 1, 4, 7, 8, 9. ಪುಟ್ಟ ಯಂತ್ರಕ್ಕೆ ಇದಕ್ಕಿಂತ ಹಗುರವಾದ ಲೆಕ್ಕ ಸಿಗಲಾರದು.

ಕನ್ನಡವನ್ನು ಆ ಒಂಬತ್ತು ಮನೆಗಳಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ. ದ ಮತ್ತು ಧ ಒಂದೇ ಸಾಲಿನ ಮನೆಗಳನ್ನು ಹಾದುಹೋಗುತ್ತವೆ. ವ್ಯತ್ಯಾಸವೆಲ್ಲ ಕೆಳಗಿನ ಒಂದು ಸೀಳಿನಲ್ಲಿದೆ, ಅದು ಒಂದೇ ಮನೆಯೊಳಗೆ ಮುಗಿದುಹೋಗುತ್ತದೆ. ಡ-ಢ, ಪ-ಫ ಹಾಗೆಯೇ. ಹೊಟ್ಟೆ ಸೀಳಿದ ಷ ಬರೆಯಲು ಕಡ್ಡಿ ಎತ್ತಿ ಮತ್ತೆ ಇಡಲೇಬೇಕು, ಒಂದೇ ಎಳೆತದ ನಿಯಮ ಅಲ್ಲಿಗೆ ಮುರಿಯಿತು. ವ-ಮಗಳ ನಡುವೆ ಇರುವುದು ಬಲಗಡೆಯ ಒಂದು ಸುರುಳಿ. ಟಚ್‌ಸ್ಕ್ರೀನಿನ ನಡುಕ ತೆಗೆಯುವ ಜರಡಿ ಇಂಥ ಸುರುಳಿಯನ್ನೂ ನಡುಕವೆಂದೇ ತಿಳಿಯುತ್ತದೆ. ಜರಡಿ ಬಿಗಿ ಮಾಡಿದರೆ ಗುಂಡಿ ಒತ್ತುವುದು ಚೆನ್ನ, ಬರಹ ಹಾಳು. ಸಡಿಲ ಮಾಡಿದರೆ ಉಲ್ಟಾ. 26 ಅಕ್ಷರಗಳ ಭಾಷೆಗೆ ಇದು ತಾಳಿಕೊಳ್ಳಬಹುದಾದ ಚೌಕಾಶಿ. ಕಾಗುಣಿತವೊಂದರಲ್ಲೇ ನಾನೂರಕ್ಕೂ ಹೆಚ್ಚು ರೂಪಗಳಿರುವ, ಅದರ ಕೆಳಗೆ ಒತ್ತಕ್ಷರ ನೇತುಬೀಳುವ ಕನ್ನಡಕ್ಕೆ ಅಲ್ಲ. ಈ ಜಾಗದಲ್ಲಿ ತಂತ್ರಜ್ಞಾನದ ಬಹುತೇಕ ಇತಿಹಾಸಗಳು ಮೌನವಾಗಿಬಿಡುತ್ತವೆ. ಅವುಗಳಲ್ಲಿ ಕೈಬರಹ ಎಂದರೆ ಲ್ಯಾಟಿನ್ ಕೈಬರಹ.

ಸಿಂಪ್ಯೂಟರ್‌ನಲ್ಲಿ ಟ್ಯಾಪಟ್ಯಾಪ್ ಎಂಬ ಸರಳ ಕೈಬರಹದ ತಂತ್ರಾಂಶ ಇತ್ತು. ಆದರೆ ಅದರ ರೂವಾರಿಗಳ ನಿಜವಾದ ಜಾಣತನ ಬರಹದ ಮೇಲಿನ ಭಾರವನ್ನೇ ಇಳಿಸಿದ್ದರಲ್ಲಿದೆ. ಪರದೆಯ ಮೇಲೆ ಚಿತ್ರಗಳಿರಲಿ, ಬಳಸುವವರು ಒತ್ತಿ ಆರಿಸಲಿ, ಉತ್ತರವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳಲಿ. ಹಾಗೆ ಓದಲಿಕ್ಕೆ ರಮೇಶ್ ಹರಿಹರನ್ ಅವರು ಕೈಗೆತ್ತಿಕೊಂಡ ‘ಧ್ವನಿ’ ಕನ್ನಡ ಮತ್ತು ಹಿಂದಿಯಿಂದ ಆರಂಭಿಸಿತು. ಮುಂದೆ ಸ್ವತಂತ್ರ ತಂತ್ರಾಂಶವಾಗಿ ಬೇರೆ ಭಾರತೀಯ ಭಾಷೆಗಳಿಗೂ ಹಬ್ಬಿತು.

ಯಂತ್ರ ಮಾತ್ರ ನಿಲ್ಲಲಿಲ್ಲ. 2004ರಲ್ಲಿ ಪಿಕೋಪೀಟಾ ಕಂಪನಿ ‘ಅಮಿಡಾ’ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಮಣಿಕಟ್ಟು ತುಸು ಒದರಿದರೆ ಪುಟ ತಿರುಗುವ ಚಲನ ಸಂವೇದಕ ಅದರಲ್ಲಿತ್ತು, ಐಫೋನಿಗೆ ಮೂರು ವರ್ಷ ಮೊದಲೇ. ಕಿಟಕಿಗಳನ್ನು ನೋಡಿಕೊಳ್ಳಲು ಆಲ್ಕೆಮಿ ಎಂಬ ತಮ್ಮದೇ ತಂತ್ರಾಂಶ ಹಾಕಿದ್ದರು. ಬೆಲೆ ಹತ್ತು ಸಾವಿರದ ಹತ್ತಿರದಿಂದ ಆರಂಭ. 50,000 ಮಾರುವ ಗುರಿಯಿದ್ದು, 2005ರ ಹೊತ್ತಿಗೆ ಸುಮಾರು 4,000 ಮಾರಾಟವಾದವು ಎಂದು ಆಗಿನ ವರದಿಗಳು. ಅಷ್ಟರಲ್ಲಿ ಮೊಬೈಲ್ ಫೋನು ಎರಡು ಮೂರು ಸಾವಿರಕ್ಕೆ ಇಳಿದಿತ್ತು, ಮತ್ತು ಅದು ಮಾತಾಡುತ್ತಿತ್ತು. ಇದನ್ನು ಕಡ್ಡಿಯ ಸೋಲೆಂದು ಬರೆಯುವುದು ಅನ್ಯಾಯ.

2007ರ ನಂತರ ಕಡ್ಡಿಯೇ ಹಿಂದೆ ಬಿತ್ತು. ಬೆರಳಿನ ವಿದ್ಯುದ್ಗುಣ ಗುರುತಿಸುವ ಗಾಜಿನ ಪರದೆಗಳು ಬಂದವು, ಒಂದಲ್ಲ ಹತ್ತು ಬೆರಳು. ಒಂದೇ ಬಾಣವೆಂಬ ಎಕ್ಸ್‌ನ ಹಳೆಯ ನಂಬಿಕೆ ಈಗ ಪೂರ್ತಿ ಕುಸಿಯಬೇಕಾಯಿತು. ಆಸ್ಟ್ರೇಲಿಯಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಪೀಟರ್ ಹುಟರರ್ ಹಲವು ಬಾಣಗಳ ಎಕ್ಸ್ ಕಟ್ಟಿದ್ದರು. 2009ರಲ್ಲಿ ಅದು ಮುಖ್ಯವಾಹಿನಿಗೆ ಸೇರಿತು. ಅದೇ ವರ್ಷ ಹೆನ್ರಿಕ್ ರುಡ್‌ಬರ್ಗ್, ಹಲವು ಬೆರಳುಗಳನ್ನು ಲಿನಕ್ಸ್ ಕರ್ನೆಲ್ ಹೇಗೆ ವರದಿ ಮಾಡಬೇಕೆಂಬ ಕ್ರಮ ರೂಪಿಸಿದರು. ಫ್ರಾನ್ಸಿನ ತುಲೂಸ್‌ನಲ್ಲಿ ಸ್ಟೆಫಾನ್ ಶಾಟಿ ಮತ್ತು ಬೆಂಜಮಿನ್ ಟಿಸ್ವಾರ್, ಒಂದೊಂದು ಪರದೆಗೂ ಬೇರೆ ಬೇರೆ ಚಾಲಕ ಬರೆಯುವ ಗೋಜು ತಪ್ಪಿಸಿ ಹಲವಕ್ಕೂ ಒಗ್ಗುವ ಒಂದನ್ನು 2011ರಲ್ಲಿ ಸೇರಿಸಿದರು.

ಬೆರಳುಗಳನ್ನು ಎಣಿಸುವುದು ಸುಲಭದ ಭಾಗ. ಆ ಮುಟ್ಟು ಯಾರದ್ದು ಎಂಬುದೇ ಕಗ್ಗಂಟು. ಒಂದು ಬೆರಳು ಪರದೆಗೆ ತಾಗಿತು. ಅದು ಒಳಗಿನ ಗುಂಡಿಯನ್ನು ಒತ್ತಲು ಬಂದದ್ದೋ, ಇನ್ನೂ ಎರಡು ಬೆರಳು ಜೊತೆಗೂಡಿ ಕಿಟಕಿಯನ್ನೇ ಸರಿಸಲು ಬಂದದ್ದೋ? ಬೆರಳು ಚಲಿಸುವವರೆಗೆ ಯಾರಿಗೂ ತಿಳಿಯದು. ಕಾದು ನೋಡಿದರೆ ಯಂತ್ರ ಮಂಕಾಗಿ ಕಾಣುತ್ತದೆ. 2012ರ ಮಾರ್ಚ್‌ನಲ್ಲಿ ಹುಟರರ್ ಮತ್ತು ಚೇಸ್ ಡಗ್ಲಸ್ ಅವರ ಶ್ರಮದಿಂದ ಎಕ್ಸ್‌ಗೆ ಬಂದ ಪರಿಹಾರ ಹಳ್ಳಿಯ ಪಂಚಾಯ್ತಿಯನ್ನು ಹೋಲುತ್ತದೆ. ಮುಟ್ಟಿನ ಸುದ್ದಿ ಇಬ್ಬರಿಗೂ ಏಕಕಾಲಕ್ಕೆ ಹೋಗುತ್ತದೆ, ಒಡೆತನ ಮಾತ್ರ ಮೊದಲನೆಯವರದು. ಅವರು ಒಪ್ಪಿಕೊಂಡರೆ ಎರಡನೆಯವರು ಅಲ್ಲಿಯವರೆಗೆ ಮಾಡಿದ್ದನ್ನು ಹಿಂತೆಗೆಯಬೇಕು. ಬೇಡವೆಂದರೆ ಅವರಿಗೆ ಒಡೆತನ.

ಇತ್ತ ಪೆನ್ನು ಮತ್ತೆ ಬಂದಿದೆ, ವಾಕೊಮ್‌ನಂಥ ಕಂಪನಿಗಳ ಪೆನ್ನು. ಇದು ಪರದೆಯ ಸಮೀಪ ಬರುತ್ತಿದ್ದಂತೆಯೇ ತನ್ನ ಇರವನ್ನು ತಿಳಿಸುತ್ತದೆ. ಆ ಸುದ್ದಿ ಬಂದ ಕೂಡಲೇ ಬೆರಳಿನ ಮುಟ್ಟನ್ನು ಕಡೆಗಣಿಸಿದರೆ ಸಾಕು, ಬರೆಯುವವರು ಅಂಗೈಯನ್ನು ಗಾಜಿನ ಮೇಲೆ ಊರಬಹುದು. ಈಗ ಲಿನಕ್ಸ್‌ನಲ್ಲಿ ಇದನ್ನೆಲ್ಲ ನಿಭಾಯಿಸುವುದು 2014ರಲ್ಲಿ ಶುರುವಾದ ಲಿಬ್‌ಇನ್‌ಪುಟ್ ಎಂಬ ಒಂದೇ ಪದರ. ಪರದೆ ಓರೆಯಾಗಿ ಕೂತಿದ್ದರೆ ಅದನ್ನು ತಿದ್ದಲು ಅದಕ್ಕೆ ಕೊಡಬೇಕಾದದ್ದು ಈಗಲೂ ಆರು ಸಂಖ್ಯೆಗಳು.