ಚಿನ್ನದ ಗಣಿಯ ಸಾವುಗಳು ಮತ್ತು ಅವುಗಳ ವಿಚಾರಣೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದರು. ಮೊದಲು ಊರ ಕೆರೆಯ ಬಗ್ಗೆ ಬರೆಯೋಣವೆಂದುಕೊಂಡೆ. ಆದರೆ ಶಾಲೆಯ ಹಳೆಯ ಕೊಠಡಿಗೆ ಹೋಗಿ ಕುಳಿತಾಗ ಬೇರೊಂದು ನೆನಪು ಬಂತು. ನಾವು ಓದುತ್ತಿದ್ದಾಗ ಪಾಠದ ನಡುವೆ ನೆಲದೊಳಗೆ ಗುಡುಗಿದಂತಾಗಿ ಕಿಟಕಿಯ ಬಾಗಿಲುಗಳು ಅದುರುತ್ತಿದ್ದವು. "ಗಣೀಲಿ ಏನೋ ಸಿಡೀತು ಕಣ್ರೋ" ಎಂದು ಹೇಳಿ ಮೇಷ್ಟ್ರು ಪಾಠ ಮುಂದುವರಿಸುತ್ತಿದ್ದರು. ನಮಗೆ ಅದು ತಮಾಷೆ. ಅಪ್ಪನೋ ಅಣ್ಣನೋ ಆ ಪಾಳಿಯಲ್ಲಿ ಗಣಿಗೆ ಇಳಿದಿದ್ದ ಮಕ್ಕಳು ಮಾತ್ರ ಸಂಜೆಯವರೆಗೆ ಮಾತಾಡದೆ ಕುಳಿತಿರುತ್ತಿದ್ದರು. ಮುಂದೆ ನಾನೂ ಇತಿಹಾಸದ ಮೇಷ್ಟ್ರಾದೆ. ಆ ಮಕ್ಕಳ ಮೌನಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಆದ್ದರಿಂದ ಈ ಲೇಖನ.

ಕೋಲಾರ ಚಿನ್ನದ ಗಣಿಯ ಹೆಮ್ಮೆಯ ಅಂಕಿಗಳು ನಮ್ಮ ಕಡೆಯ ಮಕ್ಕಳಿಗೆಲ್ಲ ಬಾಯಿಪಾಠ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಕಂಬಿ ಎಳೆದು ಗಣಿಗೆ ವಿದ್ಯುತ್ ತಂದರು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಲೋಕದ ಅತಿ ಆಳದ ಗಣಿಗಳಲ್ಲಿ ಒಂದಾಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಮುಂದೆ ಅವು ಕೇಂದ್ರದ ಕೈಸೇರಿದವು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಿನ್ನದ ಲೆಕ್ಕ ಹೀಗೆ ಎಲ್ಲರಿಗೂ ಗೊತ್ತು. ಅದನ್ನು ತೆಗೆದವರ ಸಾವಿನ ಲೆಕ್ಕ ಹೇಗಿತ್ತು, ಸಾವಾದಾಗ ಯಾರು ಬಂದು ಏನು ಕೇಳುತ್ತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಾನೂನಿಗೆ ಕಾರಣವಾದ 52 ಸಾವು

ಭಾರತದಲ್ಲಿ ಗಣಿಗಳ ತಪಾಸಣೆ ಆರಂಭವಾದದ್ದು 1894ರಲ್ಲಿ. ಆ ವರ್ಷ ಜೇಮ್ಸ್ ಗ್ರಂಡಿ ಎಂಬುವರನ್ನು ಗಣಿ ಇನ್ಸ್‌ಪೆಕ್ಟರ್ ಆಗಿ ನೇಮಿಸಿದರು. ಆದರೆ ಅವರ ಕೈಯಲ್ಲಿ ಬಲವಾದ ಕಾಯ್ದೆ ಇರಲಿಲ್ಲ. ಗಣಿ ಮಾಲೀಕರು ಕಾಯ್ದೆಯೇ ಬೇಡವೆನ್ನುತ್ತಿದ್ದ ಕಾಲ ಅದು. ಆಗ, 1897ರಲ್ಲಿ, ಎರಡು ದೊಡ್ಡ ದುರಂತಗಳಾದವು. ಒಂದು ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ. ಸತ್ತವರು 47 ಜನ. ಇನ್ನೊಂದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ. ಸತ್ತವರು 52 ಜನ. ಈ ಎರಡು ದುರಂತಗಳ ಒತ್ತಡದಿಂದಲೇ ಕಾಯ್ದೆಯ ಕೆಲಸ ಚುರುಕಾಗಿ 1901ರ ಗಣಿ ಕಾಯ್ದೆ ಬಂತು. 1902ರ ಜನವರಿ 7ರಂದು ಕಲ್ಕತ್ತೆಯಲ್ಲಿ ಗಣಿ ತಪಾಸಣಾ ಕಚೇರಿ ತೆರೆಯಿತು. ಇಂದು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದೇ.

ಇಲ್ಲೊಂದು ವಿಪರ್ಯಾಸವಿದೆ. 1901ರ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ನಮ್ಮದು ಮಹಾರಾಜರ ಮೈಸೂರು ಸಂಸ್ಥಾನ. ಕೋಲಾರದ 52 ಜನರ ಸಾವು ಯಾವ ಕಾಯ್ದೆಗೆ ಕಾರಣವಾಯಿತೋ ಆ ಕಾಯ್ದೆ ಕೋಲಾರಕ್ಕೆ ನೇರವಾಗಿ ಅನ್ವಯಿಸಲಿಲ್ಲ. ಇಲ್ಲಿಗೆ ಸಂಸ್ಥಾನದ್ದೇ ನಿಯಮಗಳು, ಸಂಸ್ಥಾನದ್ದೇ ಮುಖ್ಯ ಗಣಿ ಇನ್ಸ್‌ಪೆಕ್ಟರ್. ಇಡೀ ದೇಶಕ್ಕೆ ಒಂದೇ ಗಣಿ ಕಾಯ್ದೆಯೆಂದು ಆದದ್ದು ಸ್ವಾತಂತ್ರ್ಯ ಬಂದ ಮೇಲೆ.

ತಪ್ಪು ಯಾರದು?

ಆ ಕಾಲದಲ್ಲಿ ಸಾವಿನ ವಿಚಾರಣೆ ಹೇಗಿತ್ತೆಂದು ತಿಳಿಯಲು ಬ್ರಿಟಿಷ್ ಇಂಡಿಯಾದ ಗಣಿ ವರದಿಗಳ ಕೋಷ್ಟಕವೊಂದು ಸಾಕು. ಪ್ರತಿಯೊಂದು ಸಾವನ್ನೂ ಅದರಲ್ಲಿ ಒಂದು ಅಂಕಣಕ್ಕೆ ಸೇರಿಸುತ್ತಿದ್ದರು: ಆಕಸ್ಮಿಕ, ಸತ್ತವನದೇ ತಪ್ಪು, ಜೊತೆಗಾರನ ತಪ್ಪು, ಕೆಳಗಿನ ಅಧಿಕಾರಿಯ ತಪ್ಪು, ಆಡಳಿತದ ತಪ್ಪು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಯೋಚಿಸಿ ನೋಡಿ. ಕಲ್ಲು ಬಿದ್ದು ಸತ್ತವನು ಎದ್ದು ಬಂದು ಹೇಳಿಕೆ ಕೊಡಲಾರ. ಪಕ್ಕದಲ್ಲಿದ್ದವನು ನಾಳೆಯೂ ಅದೇ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಬರಬೇಕು. ಬರೆಯುವವನ ಭಾಷೆ ಇಂಗ್ಲಿಷ್. ದುಡಿಯುವವರ ಭಾಷೆ ತಮಿಳು, ತೆಲುಗು, ಕನ್ನಡ. ಇಂಥಲ್ಲಿ "ಆಕಸ್ಮಿಕ" ಎಂದೋ "ಅವನದೇ ತಪ್ಪು" ಎಂದೋ ಬರೆದು ಮುಗಿಸುವುದು ಬಹಳ ಸುಲಭ.

ಸ್ವಾತಂತ್ರ್ಯಾನಂತರದ 1952ರ ಗಣಿ ಕಾಯ್ದೆ ಈ ಪದ್ಧತಿಯನ್ನು ಬಿಗಿ ಮಾಡಿತು. ಸಾವಾದ ಕೂಡಲೇ ಗಣಿಯವರು ಇನ್ಸ್‌ಪೆಕ್ಟರಿಗೆ ತಿಳಿಸಬೇಕಿತ್ತು. ಅವರು ಬರುವವರೆಗೆ ಆ ಜಾಗವನ್ನು ಮುಟ್ಟುವಂತಿರಲಿಲ್ಲ. 72 ಗಂಟೆ ಕಳೆದರೂ ಬಾರದಿದ್ದರೆ ಮಾತ್ರ ಕೆಲಸ ಶುರು ಮಾಡಬಹುದಿತ್ತು. ದೊಡ್ಡ ದುರಂತವಾದರೆ ಸರ್ಕಾರ ವಿಚಾರಣಾ ನ್ಯಾಯಾಲಯವನ್ನೇ ನೇಮಿಸಬಹುದಿತ್ತು. ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುವ ಅಧಿಕಾರ ಅದಕ್ಕಿತ್ತು. 1975ರ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಾಸ್‌ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 375 ಜನ ಸತ್ತಾಗ ಹಾಗೆಯೇ ವಿಚಾರಣೆ ನಡೆಯಿತು. ಇವೆಲ್ಲ ಕಾಗದದ ಮೇಲಿನ ಸಣ್ಣ ಮಾತುಗಳಂತೆ ಕಾಣಬಹುದು. ಆದರೆ ಬಿದ್ದ ಕಲ್ಲನ್ನು ಸರಿಸಬೇಡಿ, ನೋಡುವವರು ಬರಲಿ ಎಂಬ ಒಂದೇ ನಿಯಮ ಸತ್ತವನ ಪರವಾಗಿ ಸಾಕ್ಷಿ ಹೇಳುವಂಥದ್ದು.

ಗಾಳಿಯಲ್ಲ, ಕಲ್ಲು

ನಮ್ಮ ಶಾಲೆಯ ಕಿಟಕಿ ಅದುರಿಸುತ್ತಿದ್ದದ್ದು ಇದೇ ಗಣಿಯ ದೊಡ್ಡ ಶತ್ರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಇದರ ಕಾಟ ಶುರುವಾಗಿತ್ತು. ಮುನ್ಸೂಚನೆಯಿಲ್ಲದೆ ಸುರಂಗದ ಗೋಡೆ ಸಿಡಿದು ಕಲ್ಲುಗಳು ಗುಂಡಿನಂತೆ ಹಾರುತ್ತಿದ್ದವು. ಅದರೊಂದಿಗೆ ಗಾಳಿ ಭೋರೆಂದು ನುಗ್ಗುತ್ತಿತ್ತು. ಆ ಗಾಳಿಯನ್ನು ನೋಡಿ ಅದಕ್ಕೆ "ಏರ್ ಬ್ಲಾಸ್ಟ್" ಎಂದು ಹೆಸರಿಟ್ಟರು. ಹೆಸರೇ ದಾರಿ ತಪ್ಪಿಸುವಂಥದ್ದು. ಗಾಳಿ ಯಾರ ಮಾತು ಕೇಳುತ್ತದೆ? ಗಾಳಿಯಿಂದ ಆದ ಸಾವಿಗೆ ಯಾರನ್ನು ಕೇಳುವುದು?

ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಸಂಸ್ಥಾನದ ಮುಖ್ಯ ಗಣಿ ಇನ್ಸ್‌ಪೆಕ್ಟರೂ ಆಗಿದ್ದರು. ಕೋಲಾರ ಗಣಿಯ ಏರ್ ಬ್ಲಾಸ್ಟ್ ಮತ್ತು ಕಂಪನಗಳ ಮೇಲೆಯೇ ಅವರು 1904ರಲ್ಲಿ ಇಲಾಖೆಯ ಒಂದು ಬುಲೆಟಿನ್ ಬರೆದರು. ಒಂದು ಸಾವಿಗೆ ಒಂದು ಕಾರಣ ಹುಡುಕುವುದನ್ನು ಬಿಟ್ಟು ಎಲ್ಲ ಸಿಡಿತಗಳನ್ನೂ ಒಟ್ಟಿಗೆ ಇಟ್ಟು ನೋಡುವ ದಾರಿ ಹೀಗೆ ತೆರೆಯಿತು.

ಮುಂದಿನ ದಶಕಗಳ ಅಧ್ಯಯನದಿಂದ ತಿಳಿದದ್ದು ಇಷ್ಟು. ಮೇಲಿನ ಬಂಡೆಯ ಭಾರವನ್ನೆಲ್ಲ ಕೆಳಗಿನ ಬಂಡೆ ಹೊತ್ತಿರುತ್ತದೆ. ಅದಿರನ್ನು ತೆಗೆದು ಖಾಲಿ ಮಾಡಿದ ಜಾಗದ ಭಾರ ಪಕ್ಕದ ಕಲ್ಲಿನ ಮೇಲೆ ಬೀಳುತ್ತದೆ. ಮೇಲ್ಛಾವಣಿಗೆ ಆಸರೆಯಾಗಲಿ ಎಂದು ನಡುನಡುವೆ ಅದಿರಿನ ಕಂಬಗಳನ್ನು ಉಳಿಸುತ್ತಿದ್ದರಲ್ಲ, ಕೊನೆಗೆ ಎಲ್ಲ ಭಾರವೂ ಅವುಗಳ ಮೇಲೆಯೇ ಕೂರುತ್ತಿತ್ತು. ಕೋಲಾರದ ಕಲ್ಲು ಬಲು ಗಟ್ಟಿ, ಬಾಗುವುದಿಲ್ಲ, ಕುಸಿಯುವುದಿಲ್ಲ. ತಡೆಯುವಷ್ಟು ತಡೆದು ಒಮ್ಮೆಲೇ ಸಿಡಿಯುತ್ತದೆ. ಕಾಪಾಡಲೆಂದು ಬಿಟ್ಟ ಕಂಬವೇ ಕೊಲ್ಲುತ್ತಿತ್ತು. ಚಾಂಪಿಯನ್ ರೀಫ್‌ನ ಗ್ಲೆನ್ ಭಾಗ ಇದಕ್ಕೆ ಕುಖ್ಯಾತವಾಯಿತು. ಏರ್ ಬ್ಲಾಸ್ಟ್ ಎಂಬ ಹೆಸರು ಹೋಗಿ "ರಾಕ್ ಬರ್ಸ್ಟ್", ಅಂದರೆ ಶಿಲಾಸ್ಫೋಟ ಎಂಬ ಹೆಸರು ನಿಂತಿತು.

ಹೆಸರು ಬದಲಾದಾಗ ಪ್ರಶ್ನೆಯೂ ಬದಲಾಯಿತು. "ಅವನು ಅಲ್ಲಿ ಯಾಕೆ ನಿಂತಿದ್ದ?" ಎಂದು ಕೇಳುತ್ತಿದ್ದವರು "ಗಣಿಯನ್ನು ಈ ರೀತಿ ಯಾಕೆ ಅಗೆದೆವು?" ಎಂದು ಕೇಳಬೇಕಾಯಿತು. ಮರದ ಆಸರೆಯ ಜಾಗಕ್ಕೆ ಗ್ರಾನೈಟ್ ಕಲ್ಲಿನ ಗೋಡೆಗಳು ಬಂದವು, ಆಮೇಲೆ ಕಾಂಕ್ರೀಟು ಬಂತು. ಕಂಬಗಳನ್ನು ಉಳಿಸದ ಹಾಗೆ ಅಗೆಯುವ ಕ್ರಮವನ್ನೇ ಬದಲಿಸಿದರು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಅಳೆಯುವ ಜಾಲ ಅಳವಡಿಸಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್.ನಲ್ಲಿಯೇ ಆರಂಭವಾಯಿತು. ಇಂದು ದೇಶದ ಅಣೆಕಟ್ಟು, ಸುರಂಗಗಳಿಗೆ ಸಲಹೆ ಕೊಡುವ ಸಂಸ್ಥೆ ಅದು. ಅದರ ವಿದ್ಯೆಯ ತಳಪಾಯದಲ್ಲಿ ನಮ್ಮ ಕಡೆಯ ಗಣಿ ಕೆಲಸಗಾರರ ಪ್ರಾಣವಿದೆ.

ಯಾರೂ ವಿಚಾರಿಸದ ಸಾವು

ಇಲ್ಲಿಯವರೆಗೆ ಹೇಳಿದ್ದು ಸದ್ದು ಮಾಡಿದ ಸಾವುಗಳ ಮಾತು. ಸದ್ದಿಲ್ಲದ್ದು ಇನ್ನೊಂದಿದೆ: ಧೂಳು.

ಗಟ್ಟಿ ಕಲ್ಲನ್ನು ಕೊರೆದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳ ಸೇರಿ ಅಲ್ಲಿ ಗಾಯದ ಕಲೆಯಂತೆ ಗಂಟು ಕಟ್ಟುತ್ತವೆ. ಅದಕ್ಕೆ ಸಿಲಿಕೋಸಿಸ್ ಎಂದು ಹೆಸರು. ವಾಸಿ ಮಾಡುವ ಔಷಧಿ ಇಲ್ಲ. ಕ್ಷಯ ಬೇಗ ಅಂಟುತ್ತದೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ನಮ್ಮ ಕೋಲಾರ ಚಿನ್ನದ ಗಣಿಯಿಂದ, 1947ರಲ್ಲಿ. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಇದನ್ನು ಪಠ್ಯದಲ್ಲಿ ಓದುತ್ತಾರೆ. ಆ ವರದಿಗೂ ಮುಂಚೆ ಆರು ದಶಕಗಳಿಂದ ಇಲ್ಲಿ ಕಲ್ಲು ಕೊರೆಯುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ಧೂಳಿನ ಸಾವಿಗೆ 72 ಗಂಟೆಯ ನಿಯಮ ಹೊಂದುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆದು, ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಜಗಲಿಯ ಮೇಲೆ ಕುಳಿತು ಕೆಮ್ಮುತ್ತಾ ಬರುವ ಸಾವು ಅದು. ಅಲ್ಲಿ ಬಿದ್ದ ಕಲ್ಲಿಲ್ಲ, ಸಾಕ್ಷಿಗಳಿಲ್ಲ, ಇನ್ಸ್‌ಪೆಕ್ಟರ್ ಬರುವುದಿಲ್ಲ. ಸಾವಿನ ದಾಖಲೆಯಲ್ಲಿ ಟಿ.ಬಿ., ದಮ್ಮು ಅಥವಾ ವಯಸ್ಸಾಗಿತ್ತು ಎಂದಿರುತ್ತದೆ. 1952ರ ಕಾಯ್ದೆ ಸಿಲಿಕೋಸಿಸ್ಸನ್ನೂ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು; ಪರಿಹಾರದ ಕಾಯ್ದೆಯಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ರೋಗವನ್ನು ಆ ಹೆಸರಿನಿಂದ ಗುರುತಿಸಿದಾಗ ಮಾತ್ರ ಕಾನೂನು ಕೆಲಸ ಮಾಡುತ್ತದೆ.

ಇದು ಹಳೆಯ ಕತೆಯೇನಲ್ಲ ಎಂದು ನನಗೆ ತಿಳಿದದ್ದು ತರಗತಿಯಲ್ಲಿ. ಒಮ್ಮೆ ಹತ್ತನೇ ತರಗತಿಯ ಮಕ್ಕಳಿಗೆ "ಮನೆಯಲ್ಲಿರುವ ಹಳೆಯ ಕಾಗದವೊಂದನ್ನು ತನ್ನಿ, ಅದೇ ನಿಮ್ಮ ಮನೆಯ ಇತಿಹಾಸ" ಎಂದು ಹೇಳಿದ್ದೆ. ಕೆಲವರು ಪಹಣಿ ತಂದರು, ಕೆಲವರು ಮದುವೆಯ ಲಗ್ನಪತ್ರಿಕೆ ತಂದರು. ಒಬ್ಬ ಹುಡುಗ ಅಪ್ಪನ ಎದೆಯ ಎಕ್ಸ್‌ರೇ ತಂದಿದ್ದ. ಅಪ್ಪ ಜಲ್ಲಿ ಕ್ರಷರೊಂದರಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವರು. ಎರಡು ಸಲ ಟಿ.ಬಿ. ಮಾತ್ರೆ ಪೂರ್ತಿ ನುಂಗಿದ್ದರೂ ಉಸಿರು ಹಿಡಿಯುವುದು ನಿಂತಿರಲಿಲ್ಲ. "ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಡಾಕ್ಟರು ಕೇಳಿದ್ರಾ?" ಎಂದೆ. "ಇಲ್ಲ ಸಾರ್, ನಾವೂ ಹೇಳಲಿಲ್ಲ" ಎಂದ. ಇಷ್ಟು ವರ್ಷ ಗಣಿಯ ಇತಿಹಾಸ ಓದಿದ್ದ ನಾನೂ ಆ ಮನೆಯ ಮುಂದೆ ದಿನವೂ ಓಡಾಡುತ್ತಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ಮರುವಾರ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೊದಲು ಅವರ ಕೆಲಸ ಏನೆಂದು ಹೇಳಿ ಆಮೇಲೆ ಎಕ್ಸ್‌ರೇ ತೋರಿಸಿದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಧೂಳು" ಎಂದರು. ಅವರು ಉಳಿಯಲಿಲ್ಲ. ಆದರೆ ಅವರ ಕಾಗದದಲ್ಲಿ ರೋಗದ ಸರಿಯಾದ ಹೆಸರು ದಾಖಲಾಯಿತು. ಮಗ ಕ್ರಷರಿನ ಕೆಲಸಕ್ಕೆ ಹೋಗಲಿಲ್ಲ.

ನಮ್ಮ ಕೈಲಾದದ್ದು

ಗಣಿ ಮುಚ್ಚಿದೆ. ಸೈನೈಡ್ ದಿಬ್ಬಗಳು ಉಳಿದಿವೆ. ಬೇಸಿಗೆಯ ಗಾಳಿಗೆ ಅವುಗಳ ಧೂಳು ಇಂದಿಗೂ ಏಳುತ್ತದೆ. ನಮ್ಮ ಶಾಲೆಯಲ್ಲಿ ಓದಿದ ಮಕ್ಕಳು ಈಗ ಕ್ವಾರಿಗಳಿಗೆ, ಕ್ರಷರುಗಳಿಗೆ, ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ಗಣಿಯ ಇತಿಹಾಸ ಅವರಿಗೆ ಕಲಿಸುವ ಪಾಠ ಒಂದೇ. ಕೆಲಸದ ಜಾಗದ ಸಾವನ್ನು ಹಣೆಬರಹವೆಂದು ಬಿಟ್ಟರೆ ಅದು ಮತ್ತೆ ಬರುತ್ತದೆ. ಕಾರಣವನ್ನು ಸರಿಯಾದ ಹೆಸರಿನಿಂದ ಕರೆದು ಬರೆದಿಟ್ಟಲ್ಲಿ ಮಾತ್ರ ಅದು ಕಡಿಮೆಯಾಗಿದೆ. ಶಿಲಾಸ್ಫೋಟದಲ್ಲಿ ಅದು ನಡೆಯಿತು. ಧೂಳಿನ ವಿಷಯದಲ್ಲಿ ಇನ್ನೂ ಪೂರ್ತಿಯಾಗಿ ನಡೆದಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಗ್ರಾಮಸ್ಥರಲ್ಲಿ ಎರಡು ವಿನಂತಿ. ಕಲ್ಲು, ಧೂಳಿನ ಕೆಲಸ ಮಾಡಿದವರು ಯಾವ ಕಾಯಿಲೆಗೆ ಆಸ್ಪತ್ರೆಗೆ ಹೋದರೂ, ಏನು ಕೆಲಸ, ಎಷ್ಟು ವರ್ಷ ಎಂದು ಡಾಕ್ಟರಿಗೆ ಮೊದಲು ಹೇಳಿ, ಚೀಟಿಯಲ್ಲಿ ಬರೆಸಿ. ಎರಡನೆಯದು, ಗಣಿಯಲ್ಲಿ ದುಡಿದವರ ಟೋಕನ್ನು, ಸೇವಾ ಪತ್ರ, ಪರಿಹಾರದ ಕಾಗದ, ಎಕ್ಸ್‌ರೇ ಏನಿದ್ದರೂ ಒಲೆಗೆ ಹಾಕಬೇಡಿ. ಶಾಲೆಯ ಇತಿಹಾಸ ಸಂಘಕ್ಕೆ ತಂದು ತೋರಿಸಿ. ಮಕ್ಕಳು ನಕಲು ಬರೆದುಕೊಂಡು ನಿಮ್ಮ ಕಾಗದ ನಿಮಗೇ ಕೊಡುತ್ತಾರೆ. ಹಳೆಯ ಕೊಠಡಿಯ ಕಪಾಟಿನಲ್ಲಿ ಅದಕ್ಕೆಂದೇ ಒಂದು ದಪ್ಪ ಪುಸ್ತಕ ಇಟ್ಟಿದ್ದೇವೆ. ಮೊದಲ ಪುಟದಲ್ಲಿ ಆ ಹುಡುಗ ತನ್ನ ಅಪ್ಪನ ಹೆಸರು ಬರೆದಿದ್ದಾನೆ. ಪಕ್ಕದಲ್ಲಿ ಮಾಡಿದ ಕೆಲಸ, ಮಾಡಿದ ವರ್ಷ, ಸಾವಿನ ಕಾರಣ ಎಂಬ ಮೂರು ಅಂಕಣಗಳಿವೆ. ಉಳಿದ ಪುಟಗಳು ನಿಮಗಾಗಿ ಖಾಲಿ ಇವೆ.