ದಿನದಂಡ

ಅಪರಾಧಿಯ ಒಂದು ದಿನದ ಆದಾಯವನ್ನೇ ಅಳತೆಗೋಲು ಮಾಡಿಕೊಂಡು ದಂಡ ವಿಧಿಸುವ ಶಿಕ್ಷಾಕ್ರಮ. ತಪ್ಪಿನ ತೂಕ ನೋಡಿ ದಿನಗಳ ಸಂಖ್ಯೆ, ಸಂಪಾದನೆ ನೋಡಿ ದಿನದ ದರ. ಎರಡನ್ನೂ ಗುಣಿಸಿದರೆ ದಂಡದ ಮೊತ್ತ.

ಕೂಲಿಯವನ ವಾರದ ಗಂಜಿಗೆ ಕುತ್ತು ತರುವ ದಂಡ ಸಾಹುಕಾರನಿಗೆ ಚಿಲ್ಲರೆ ಕಾಸು ಎಂಬ ಅರಿವು ಹಳೆಯದೇ. ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ, ದಂಡ ಹಾಕುವಾಗ ವರ್ತಕನ ಸರಕನ್ನೂ ಒಕ್ಕಲಿನವನ ಬೇಸಾಯದ ಸಾಧನವನ್ನೂ ಮುಟ್ಟಬಾರದೆಂದಿತ್ತು. ದಿನದ ಗಳಿಕೆಯ ಲೆಕ್ಕದಲ್ಲೇ ದಂಡವನ್ನು ಹೇಳಿದ್ದು ಬ್ರೆಜಿಲ್‌ನ 1830ರ ದಂಡಸಂಹಿತೆ. ಆದರೆ ಪದ್ಧತಿ ಬೇರೂರಿದ್ದು ಯುರೋಪಿನ ಉತ್ತರದಲ್ಲಿ. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಕಾನೂನು ಪುಸ್ತಕದ ದಂಡಗಳು ಬೆಲೆ ಕಳೆದುಕೊಂಡಿದ್ದಾಗ, 1921ರಲ್ಲಿ ಫಿನ್ಲೆಂಡ್ ಇದನ್ನು ಜಾರಿಗೆ ತಂದಿತು. ಸ್ವೀಡನ್ 1931ರಲ್ಲಿ, ಡೆನ್ಮಾರ್ಕ್ 1939ರಲ್ಲಿ ಹಿಂಬಾಲಿಸಿದವು.

ಫಿನ್ಲೆಂಡಿನ ಲೆಕ್ಕ ಸರಳ. ತೆರಿಗೆ ಕಳೆದ ತಿಂಗಳ ಆದಾಯದಿಂದ 255 ಯೂರೊ ತೆಗೆದು, ಉಳಿದದ್ದನ್ನು 60ರಿಂದ ಭಾಗಿಸಬೇಕು. ಸಾಕಬೇಕಾದವರಿದ್ದರೆ ಇನ್ನಷ್ಟು ರಿಯಾಯಿತಿ. ಕೈಗೆ 1,455 ಯೂರೊ ಬರುವವನಿಗೆ 12 ದಿನದ ದಂಡ 240 ಯೂರೊ, 12,255 ಬರುವವನಿಗೆ 2,400. ನಿಗದಿತ ವೇಗಕ್ಕಿಂತ ಗಂಟೆಗೆ 20 ಕಿ.ಮೀ. ಮೀರಿ ಓಡಿಸಿದರೂ ಇದೇ ಲೆಕ್ಕ. 2002ರಲ್ಲಿ ನೋಕಿಯಾದ ಹಿರಿಯ ಅಧಿಕಾರಿಯೊಬ್ಬರಿಗೆ ಮೋಟಾರ್‌ಸೈಕಲ್ ವೇಗಕ್ಕಾಗಿ ಬಿದ್ದ ದಂಡ 1,16,000 ಯೂರೊ! ಆದಾಯ ಇಳಿದಿದೆಯೆಂದು ಅವರು ತೋರಿಸಿಕೊಟ್ಟ ಮೇಲೆ ಅದು ಬಹುಪಾಲು ಕರಗಿತು. ಪೊಲೀಸರಿಗೆ ತೆರಿಗೆ ಇಲಾಖೆಯ ಮಾಹಿತಿ ಸುಲಭವಾಗಿ ಸಿಗುವುದೇ ಅಲ್ಲಿನ ಪದ್ಧತಿಯ ಬೆನ್ನೆಲುಬು.

ಆ ಬೆನ್ನೆಲುಬಿಲ್ಲದೆ ಇಂಗ್ಲೆಂಡ್ ಎಡವಿತು. 1991ರ ಕಾಯಿದೆಯಡಿ ‘ಯೂನಿಟ್ ದಂಡ’ 1992ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಯೂನಿಟ್ಟಿಗೆ 4ರಿಂದ 100 ಪೌಂಡ್. ಆದಾಯ ಎಷ್ಟೆಂದು ಆರೋಪಿಯೇ ಫಾರಂ ತುಂಬಿ ತಿಳಿಸಬೇಕಿತ್ತು. ತುಂಬದವರಿಗೆ ಗರಿಷ್ಠ ದರ ಬೀಳುತ್ತಿತ್ತು. ವೇಲ್ಸ್‌ನ ಕುಂಬ್ರಾನ್‌ನಲ್ಲಿ ಚಿಪ್ಸ್ ಪೊಟ್ಟಣ ಎಸೆದವನಿಗೆ ಹೀಗೆ 1,200 ಪೌಂಡ್ ಬಿದ್ದು ಪತ್ರಿಕೆಗಳಿಗೆ ಹಬ್ಬವಾಯಿತು. ತಪ್ಪು ಫಾರಮ್ಮಿನದು, ಏಟು ತಿಂದದ್ದು ತತ್ವ. 1993ರಲ್ಲೇ ಪದ್ಧತಿ ರದ್ದಾಯಿತು.

ಅಮೆರಿಕದಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ 1988ರಲ್ಲಿ ಪ್ರಯೋಗ ನಡೆಸಿತು. ಭಾರತದಲ್ಲಿ ಈ ಪದ್ಧತಿ ಇಲ್ಲ. ಮೊತ್ತ ನಮೂದಿಸದ ಕಡೆ ದಂಡ ವಿಪರೀತವಾಗಬಾರದೆಂದು 1860ರ ದಂಡಸಂಹಿತೆ ಹೇಳಿತ್ತು, ಅಷ್ಟೇ.

ಜರ್ಮನಿ 1975ರಲ್ಲಿ ದಿನದಂಡವನ್ನು ಅಳವಡಿಸಿಕೊಂಡದ್ದು ಅಲ್ಪಾವಧಿಯ ಜೈಲುವಾಸ ತಪ್ಪಿಸಲೆಂದು. ಅಲ್ಲಿ ಸಾಮಾನ್ಯವಾಗಿ 5ರಿಂದ 360 ದಿನ, ದಿನಕ್ಕೆ 1ರಿಂದ 30,000 ಯೂರೊ. ಆದಾಯ ಗೊತ್ತಾಗದಿದ್ದರೆ ನ್ಯಾಯಾಧೀಶರು ಅಂದಾಜು ಮಾಡಬಹುದು. ಆದರೂ ಕಟ್ಟಲಾಗದವರು ದಂಡದ ಒಂದು ದಿನಕ್ಕೆ ಒಂದು ದಿನದಂತೆ ಜೈಲಿನಲ್ಲಿ ಕಳೆಯಬೇಕಿತ್ತು. 2024ರ ಫೆಬ್ರವರಿಯಿಂದ ಎರಡು ದಿನದ ದಂಡಕ್ಕೆ ಒಂದು ದಿನದ ಜೈಲು.