ತಟ್ಟೆಯಲ್ಲಿ ತಿಮಿಂಗಿಲ: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ಚರಿತ್ರೆ

ಕಾರಿನ ಅಡಿಗೆ ಬಗ್ಗಿ ನೋಡಿದರೆ ಇಂಜಿನ್ನಿನ ಕೆಳಗೆ ಒಂದು ಎಣ್ಣೆಯ ತೊಟ್ಟಿ ಕಾಣುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ‘ಚೇಂಬರ್’ ಎನ್ನುವುದು ರೂಢಿ. ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರುಗಳಲ್ಲಿ ಹಲವಕ್ಕೆ ಇಂಥದೇ ಇನ್ನೊಂದು ತೊಟ್ಟಿ ಇರುತ್ತದೆ. ಅಚ್ಚಿನಲ್ಲಿ ಒತ್ತಿ ತಗ್ಗು ಮಾಡಿದ ಉಕ್ಕಿನ ತಗಡು, ಅಂಚಿನ ಸುತ್ತ ಹದಿಮೂರೋ ಹದಿನಾರೋ ಸಣ್ಣ ಬೋಲ್ಟು, ನಡುವೆ ಒಂದು ಪ್ಯಾಕಿಂಗ್. ಅಡುಗೆಮನೆಯ ಅಗಲ ತಟ್ಟೆಯನ್ನು ಹೋಲುವ ಇದಕ್ಕೆ ಅಮೆರಿಕದ ಮೆಕ್ಯಾನಿಕ್ಕುಗಳು ಇಟ್ಟ ಹೆಸರೂ ‘ಪ್ಯಾನ್’ ಎಂದೇ. ಇಡೀ ಯಂತ್ರದಲ್ಲಿ ಇದಕ್ಕಿಂತ ಸರಳವಾದ ಭಾಗ ಇನ್ನೊಂದಿರಲಾರದು. ಆದರೂ ಇದರೊಳಗೆ ನಿಂತ ಎಣ್ಣೆಗೆ ಒಂದು ಚರಿತ್ರೆಯಿದೆ. ಯುದ್ಧದ ಟ್ಯಾಂಕು, ಸುಟ್ಟುಹೋದ ಒಂದು ಕಾರ್ಖಾನೆ, ಸಾಗರದಲ್ಲಿ ಸತ್ತ ತಿಮಿಂಗಿಲಗಳು ಎಲ್ಲವೂ ಅದರಲ್ಲಿ ಬರುತ್ತವೆ.

ಮೊದಲು ಎಣ್ಣೆಯ ಕೆಲಸವೇನು ಎಂಬುದನ್ನು ನೋಡೋಣ. ಕೈಯಿಂದ ಗೇರು ಹಾಕುವ ಕಾರಿನಲ್ಲಿ ಎಣ್ಣೆ ಹಲ್ಲುಚಕ್ರಗಳು ಸವೆಯದಂತೆ ಜಾರಿಕೆ ಕೊಟ್ಟರೆ ಸಾಕು. ಆಟೋಮ್ಯಾಟಿಕ್‌ನಲ್ಲಿ ಅದು ದುಡಿಯುವ ಆಳು. ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟುವುದು ಎಣ್ಣೆಯ ಮೂಲಕ. ಒಂದು ಫ್ಯಾನು ಗಾಳಿ ಬೀಸಿ ಎದುರಿನ ಇನ್ನೊಂದು ಫ್ಯಾನನ್ನು ತಿರುಗಿಸುವುದನ್ನು ಕಲ್ಪಿಸಿಕೊಳ್ಳಿ. ಗಾಳಿಯ ಬದಲು ಇಲ್ಲಿ ಎಣ್ಣೆ. ಯಾವ ಗೇರು ಹಿಡಿಯಬೇಕು, ಯಾವುದು ಬಿಡಬೇಕು ಎಂಬುದನ್ನು ನಡೆಸುವುದೂ ಎಣ್ಣೆಯ ಒತ್ತಡವೇ. ಒಂದು ಪಂಪು ತಟ್ಟೆಯಿಂದ ಎಣ್ಣೆಯನ್ನು ಸೋಸುಜಾಲರಿಯ ಮೂಲಕ ಹೀರಿ, ವಾಲ್ವುಗಳ ಚಕ್ರವ್ಯೂಹಕ್ಕೆ ನೂಕುತ್ತದೆ. ಅಲ್ಲಿಂದ ಅದು ಕ್ಲಚ್ಚಿನ ಬಿಲ್ಲೆಗಳನ್ನು ಒತ್ತುತ್ತದೆ, ಬಿಸಿಯನ್ನು ಹೊತ್ತು ತರುತ್ತದೆ, ಮತ್ತೆ ತಟ್ಟೆಗೆ ಇಳಿಯುತ್ತದೆ. ಸವೆದ ಪುಡಿಯೂ ಅದರೊಡನೆ ಇಳಿಯುತ್ತದೆ.

ಈ ಏರ್ಪಾಡನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ತಂದದ್ದು ಜನರಲ್ ಮೋಟಾರ್ಸ್ ಸಂಸ್ಥೆ. 1939ರ ಕೊನೆಯಲ್ಲಿ ಹೊರಬಂದ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿಗೆ 57 ಡಾಲರ್ ಹೆಚ್ಚು ಕೊಟ್ಟರೆ ‘ಹೈಡ್ರಾಮ್ಯಾಟಿಕ್’ ಗೇರ್‌ಬಾಕ್ಸ್ ಸಿಗುತ್ತಿತ್ತು. ಇದರ ಹಿಂದಿದ್ದ ತಂಡದ ಮುಖ್ಯಸ್ಥ ಅರ್ಲ್ ಥಾಂಪ್ಸನ್. ಗೇರು ಹಾಕುವಾಗ ಕರಕರ ಸದ್ದಾಗದಂತೆ ಮಾಡುವ ಸಿಂಕ್ರೋಮೆಷ್ ಏರ್ಪಾಡು 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದದ್ದೂ ಇವನಿಂದಲೇ. ಮೊದಲು ಗೇರಿನ ಸದ್ದನ್ನು ಇಲ್ಲವಾಗಿಸಿದವನು, ಆಮೇಲೆ ಕ್ಲಚ್ಚಿನ ಪೆಡಲನ್ನೇ ಇಲ್ಲವಾಗಿಸಿದ!

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಎಂ5 ಸ್ಟುವರ್ಟ್ ಎಂಬ ಹಗುರ ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ಇಂಜಿನ್ನು, ಎರಡು ಹೈಡ್ರಾಮ್ಯಾಟಿಕ್ ಜೋಡಿಸಿದರು. ಯುದ್ಧ ಮುಗಿದ ಮೇಲೆ ಕಂಪನಿ ರಣರಂಗದಲ್ಲಿ ಪರೀಕ್ಷೆಯಾದ ಗೇರ್‌ಬಾಕ್ಸ್ ಎಂದು ಜಾಹೀರಾತು ಹಾಕಿ ಮಾರಿತು. 1949ರ ವೇಳೆಗೆ ಹತ್ತು ಲಕ್ಷ ಗೇರ್‌ಬಾಕ್ಸುಗಳು ತಯಾರಾಗಿದ್ದವು. ಎದುರಾಳಿ ಫೋರ್ಡ್ ಕಂಪನಿ ಕೂಡ ತನ್ನ ಲಿಂಕನ್ ಕಾರುಗಳಿಗೆ ಇದನ್ನೇ ಕೊಳ್ಳುತ್ತಿತ್ತು.

ಊರೂರಿನ ಪೆಟ್ರೋಲ್ ಬಂಕಿನಲ್ಲಿ ಈ ಎಣ್ಣೆ ಸಿಗಬೇಕೆಂದರೆ ಎಲ್ಲ ತಯಾರಕರಿಗೂ ಒಂದೇ ಅಳತೆಗೋಲು ಬೇಕಲ್ಲವೇ? 1949ರಲ್ಲಿ ಜನರಲ್ ಮೋಟಾರ್ಸ್ ‘ಟೈಪ್ ಎ’ ಎಂಬ ಮಾನದಂಡವನ್ನು ಪ್ರಕಟಿಸಿತು. 1957ರಲ್ಲಿ ಅದನ್ನು ತಿದ್ದಿದರು. 1967ರಲ್ಲಿ ‘ಡೆಕ್ಸ್‌ರಾನ್’ ಬಂತು. ಇಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತು ಸಿಗಲೆಂದು ಇದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ಕಾರು ನಿಂತ ಜಾಗದಲ್ಲಿ ಕೆಂಪು ತೊಟ್ಟು ಕಂಡರೆ ಸೋರುತ್ತಿರುವುದು ಯಾವ ತಟ್ಟೆ ಎಂದು ಹೇಳಬಹುದು.

ತಟ್ಟೆಯ ಮಾತು ಬಂದದ್ದರಿಂದ 1953ರ ಒಂದು ದುರಂತವನ್ನು ಇಲ್ಲಿ ಹೇಳಿಬಿಡುತ್ತೇನೆ. ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿ ಹೈಡ್ರಾಮ್ಯಾಟಿಕ್ ತಯಾರಾಗುತ್ತಿದ್ದ ಕಾರ್ಖಾನೆ ಸುಮಾರು 34 ಎಕರೆಯನ್ನು ಒಂದೇ ಸೂರಿನಡಿ ಹರಡಿಕೊಂಡಿತ್ತು. ಆಗಸ್ಟ್ 12ರಂದು ಲೋಹ ಕತ್ತರಿಸುವ ಟಾರ್ಚಿನ ಕಿಡಿ ಒಂದು ತಟ್ಟೆಗೆ ಸಿಡಿಯಿತು. ಅದು ಗೇರ್‌ಬಾಕ್ಸಿನ ತಟ್ಟೆಯಲ್ಲ. ಸಾಗುಪಟ್ಟಿಯಡಿ, ತುಕ್ಕು ತಡೆಯುವ ದ್ರವ ತೊಟ್ಟಿಕ್ಕಿದ್ದನ್ನು ಹಿಡಿಯಲು ಇಟ್ಟ ತಟ್ಟೆ. ಬೆಂಕಿ ಸೂರಿನ ಟಾರಿಗೆ ಹತ್ತಿತು. ನಡುವೆ ಎಲ್ಲೂ ತಡೆಗೋಡೆ ಇರಲಿಲ್ಲ. ಇಡೀ ಕಾರ್ಖಾನೆ ಬೂದಿಯಾಯಿತು, ಜೀವಹಾನಿಯೂ ಆಯಿತು. ಕಂಪನಿ ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಕಟ್ಟಿದ್ದ ವಿಲ್ಲೋರನ್ ಕಾರ್ಖಾನೆಗೆ ಹೋಗಿ ಕೆಲಸ ಮತ್ತೆ ಶುರುಮಾಡಿತು. ಅಲ್ಲಿಯವರೆಗೆ ಕ್ಯಾಡಿಲಾಕ್ ಕಾರಿಗೆ ಬ್ಯೂಯಿಕ್ ಕಾರಿನ ಗೇರ್‌ಬಾಕ್ಸನ್ನೂ ಪಾಂಟಿಯಾಕ್‌ಗೆ ಷೆವ್ರಲೆಯ ಗೇರ್‌ಬಾಕ್ಸನ್ನೂ ಹಾಕಿ ಕಳಿಸಿದರು. ದೊಡ್ಡ ಕಾರ್ಖಾನೆಗಳಲ್ಲಿ ಬೆಂಕಿತಡೆ ಗೋಡೆಗಳೂ ಸೂರಿನಲ್ಲಿ ಹೊಗೆ ಹೋಗುವ ಕಿಂಡಿಗಳೂ ಇರಬೇಕೆಂಬ ಮಾತಿಗೆ ಬಲ ಬಂದದ್ದು ಈ ಬೆಂಕಿಯ ನಂತರ.

ಇನ್ನು ತಿಮಿಂಗಿಲದ ವಿಷಯ. ಕ್ಲಚ್ಚಿನ ಬಿಲ್ಲೆಗಳು ಒಂದನ್ನೊಂದು ಹಿಡಿಯುವ ಕ್ಷಣವೇ ಆಟೋಮ್ಯಾಟಿಕ್‌ನ ಸೂಕ್ಷ್ಮ ಕ್ಷಣ. ಜಾರುತ್ತಾ ಜಾರುತ್ತಾ ಕೊನೆಗೆ ಬಿಗಿಯಾಗಬೇಕು. ಕೊನೆಯ ಗಳಿಗೆಯಲ್ಲಿ ಘರ್ಷಣೆ ಏಕಾಏಕಿ ಏರಿದರೆ ಕಾರು ಜಗ್ಗುತ್ತದೆ, ನಡುಗುತ್ತದೆ. ಈ ಜಗ್ಗನ್ನು ತಪ್ಪಿಸಲು ಎಣ್ಣೆಯಲ್ಲಿ ಬಿಸಿಗೆ ಕೆಡದ, ಲೋಹದ ಮೈಗೆ ಅಂಟಿಕೊಳ್ಳುವ ಒಂದು ಪದಾರ್ಥ ಬೇಕಾಯಿತು. ಅದು ಸಿಕ್ಕಿದ್ದು ಸ್ಪರ್ಮ್ ತಿಮಿಂಗಿಲದ ದೇಹದಲ್ಲಿ. ಈ ಪ್ರಾಣಿಯ ದೊಡ್ಡ ತಲೆಯಲ್ಲಿ ಸಾವಿರ ಲೀಟರಿಗೂ ಮೀರಿ ಎಣ್ಣೆ ಇರಬಲ್ಲದು. ನಮ್ಮ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳ ರಚನೆ ಇದಕ್ಕಿಲ್ಲ. ರಸಾಯನಶಾಸ್ತ್ರದ ಪ್ರಕಾರ ಇದು ದ್ರವರೂಪದ ಮೇಣ. ಗಂಧಕದೊಡನೆ ಸಂಸ್ಕರಿಸಿ ಬೆರೆಸಿದರೆ ಗೇರು ಬದಲಾದದ್ದೇ ಗೊತ್ತಾಗದಷ್ಟು ನಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಈ ತಿಮಿಂಗಿಲವನ್ನು ಕೊಂದದ್ದು ದೀಪ ಉರಿಸಲು. ಸೀಮೆಎಣ್ಣೆ ಬಂದು ಆ ಬೇಡಿಕೆಯನ್ನು ತಗ್ಗಿಸಿತು. ಅಲ್ಲಿಗೆ ಬೇಟೆ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಅದು ತಪ್ಪು. 1960ರ ದಶಕದಲ್ಲಿ ಕೆಲವು ವರ್ಷಗಳು 20 ಸಾವಿರಕ್ಕೂ ಹೆಚ್ಚು ಸ್ಪರ್ಮ್ ತಿಮಿಂಗಿಲಗಳು ಸತ್ತವು. ಬೇಟೆಯಾಡಿದವರಲ್ಲಿ ಸೋವಿಯತ್ ಒಕ್ಕೂಟ ಮತ್ತು ಜಪಾನ್ ಮುಂದಿದ್ದವು. ಎಣ್ಣೆ ಕೊಂಡವರಲ್ಲಿ ಅಮೆರಿಕದ ಕೈಗಾರಿಕೆಯೂ ಇತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ರಲ್ಲಿಯೂ ಅಮೆರಿಕದ ಹೆದ್ದಾರಿಯಲ್ಲಿ ಓಡುತ್ತಿದ್ದ ಕಾರುಗಳ ತಟ್ಟೆಯಲ್ಲಿ ತಿಮಿಂಗಿಲದ ಅಂಶ ಸುತ್ತುತ್ತಿತ್ತು.

ಇದು ಅನಿವಾರ್ಯವಾಗಿತ್ತೇ? ಫೋರ್ಡ್ ಕಂಪನಿ ಅದೇ ಕಾಲದಲ್ಲಿ ಬಳಸಿದ ‘ಟೈಪ್ ಎಫ್’ ಎಣ್ಣೆಯಲ್ಲಿ ಇಂಥ ನಯಕಾರಕ ಪದಾರ್ಥ ಇರಲಿಲ್ಲ. ತನ್ನ ಗೇರು ಗಟ್ಟಿಯಾಗಿ, ಖಚಿತವಾಗಿ ಹಿಡಿದರೆ ಸಾಕು ಎಂಬುದು ಅದರ ನಿಲುವು. ಆ ಕಾರುಗಳೂ ಲಕ್ಷಗಟ್ಟಲೆ ಓಡಿದವು. ತಿಮಿಂಗಿಲದ ಎಣ್ಣೆ ಸವಕಳಿಯನ್ನೂ ತಡೆಯುತ್ತಿತ್ತು, ನಿಜ; ಆದರೆ ಮುಖ್ಯವಾಗಿ ಅದು ದುಡಿದದ್ದು ಕುಳಿತವರ ಮೈ ಜಗ್ಗದಿರಲಿ ಎಂಬ ಸುಖಕ್ಕಾಗಿ ಎಂದೇ ನನಗೆ ತೋರುತ್ತದೆ.

1970ರಲ್ಲಿ ಅಮೆರಿಕ ಸರ್ಕಾರ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಅದರ ಎಣ್ಣೆಯ ಆಮದಿಗೆ ಬಾಗಿಲು ಮುಚ್ಚಿತು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿದ್ದ ಆ ದೇಶದ ಕೊನೆಯ ತಿಮಿಂಗಿಲ ಬೇಟೆ ನೆಲೆ 1971ರಲ್ಲಿ ನಿಂತಿತು. 1972ರಲ್ಲಿ ಸಾಗರದ ಸಸ್ತನಿಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ಬಂತು. ಎಣ್ಣೆ ಕಂಪನಿಗಳ ರಸಾಯನತಜ್ಞರು ಅವಸರದಲ್ಲಿ ಬದಲಿ ಹುಡುಕಬೇಕಾಯಿತು. 1973ರ ಹೊತ್ತಿಗೆ ತಿಮಿಂಗಿಲವಿಲ್ಲದ ‘ಡೆಕ್ಸ್‌ರಾನ್ 2’ ಸಿದ್ಧವಾಯಿತು.

ಅವಸರದ ಅಡುಗೆ ಮೊದಲ ಸಲ ಸರಿಬರಲಿಲ್ಲ. ಗೇರ್‌ಬಾಕ್ಸಿನ ಬಿಸಿ ಎಣ್ಣೆಯನ್ನು ತಣಿಸುವ ಪುಟ್ಟ ಕೂಲರು ರೇಡಿಯೇಟರಿನ ಒಳಗೆ, ನೀರಿನ ನಡುವೆ ಇರುತ್ತದೆ. ಹೊಸ ಎಣ್ಣೆ ಆ ಹಿತ್ತಾಳೆ ಕೂಲರಿನ ಬೆಸುಗೆಯನ್ನು ತಿನ್ನತೊಡಗಿತು. ಬೆಸುಗೆ ತೂತಾದರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರುತ್ತದೆ. ತಟ್ಟೆ ಬಿಚ್ಚಿದಾಗ ಕೆಂಪೆಣ್ಣೆಯ ಬದಲು ಗುಲಾಬಿ ಬಣ್ಣದ ಹಾಲಿನಂಥ ದ್ರವ ಕಾಣುತ್ತದೆ. ನೀರು ತಗುಲಿದ ಕ್ಲಚ್ ಬಿಲ್ಲೆಯ ಅಂಟು ಬಿಡುತ್ತದೆ. ತುಕ್ಕು ತಡೆಯುವ ಪದಾರ್ಥ ಬೆರೆಸಿ ಎಣ್ಣೆಯನ್ನು ಮತ್ತೆ ತಿದ್ದಿದರು. ಗೇರ್‌ಬಾಕ್ಸುಗಳು ಮೊದಲಿನಷ್ಟು ಬಾಳುತ್ತಿಲ್ಲ, ತಿಮಿಂಗಿಲದ ಎಣ್ಣೆ ಹೋದದ್ದೇ ಕಾರಣ ಎಂದು ರಿಪೇರಿಗಾರರು ದೂರಿದ ದಿನಗಳವು. ಅರಿಜೋನಾ ಮತ್ತು ಮೆಕ್ಸಿಕೋದ ಮರುಭೂಮಿಯ ಹೊಹೊಬಾ ಎಂಬ ಪೊದೆಯ ಬೀಜದಲ್ಲಿ ಹೆಚ್ಚುಕಡಿಮೆ ಅಂಥದೇ ದ್ರವಮೇಣ ಇದೆಯೆಂಬ ಕಾರಣಕ್ಕೆ ಆ ಗಿಡಕ್ಕೆ ಆಗ ಭಾರಿ ಬೆಲೆ ಬಂತು. ನಮ್ಮ ರಾಜಸ್ಥಾನದಲ್ಲೂ ಅದನ್ನು ಬೆಳೆಯುತ್ತಾರೆ. ಆದರೆ ಕಾರಿನ ಎಣ್ಣೆಯನ್ನು ಉಳಿಸಿದ್ದು ಮುಖ್ಯವಾಗಿ ಪ್ರಯೋಗಾಲಯದ ಸಂಯೋಜಿತ ಪದಾರ್ಥಗಳೇ. 2005ರಲ್ಲಿ ಬಂದ ‘ಡೆಕ್ಸ್‌ರಾನ್ 6’ ಹಳೆಯದಕ್ಕಿಂತ ತೆಳುವಾಗಿದ್ದೂ ಹೆಚ್ಚು ಕಾಲ ಬಾಳುತ್ತದೆ.

ಎಣ್ಣೆ ಬದಲಾದಂತೆ ತಟ್ಟೆಯೂ ಬದಲಾಯಿತು. ಹಳೆಯ ಹೈಡ್ರಾಮ್ಯಾಟಿಕ್‌ನಲ್ಲಿ ಎಣ್ಣೆ ಬಸಿಯಲು ತಿರುಪುಗಳಿದ್ದವು. ಮುಂಭಾಗದ ದ್ರವಜೋಡಣೆಗೂ ಬೇರೆಯೇ ಒಂದಿತ್ತು. ಕಾಲ ಕಳೆದಂತೆ ಅಮೆರಿಕದ ಬಹಳಷ್ಟು ಕಾರುಗಳಲ್ಲಿ ಆ ತಿರುಪು ಮಾಯವಾಯಿತು. ಕಂಪನಿಗೆ ಕೆಲವು ಕಾಸು ಉಳಿತಾಯ, ಮೆಕ್ಯಾನಿಕ್ಕಿನ ತೋಳಿಗೆ ಬಿಸಿ ಎಣ್ಣೆಯ ಅಭ್ಯಂಜನ. ಅವನು ಮೂರು ಕಡೆಯ ಬೋಲ್ಟು ಕಳಚಿ, ಒಂದು ಕಡೆಯದನ್ನು ಸಡಿಲವಾಗಿ ಬಿಟ್ಟು, ತಟ್ಟೆಯನ್ನು ಓರೆ ಮಾಡಿ ಎಣ್ಣೆ ಸುರಿಸಬೇಕು. ಹಾಗೆ ಸುರಿಸಿದರೂ ಬರುವುದು ಸುಮಾರು ಅರ್ಧ. ಉಳಿದದ್ದು ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಬೋಲ್ಟಿನ ಎಣಿಕೆಯಿಂದ ಗೇರ್‌ಬಾಕ್ಸಿನ ಜಾತಿ ಹೇಳುವುದು ಅಲ್ಲಿಯ ಗ್ಯಾರೇಜುಗಳ ವಾಡಿಕೆ. ಷೆವ್ರಲೆಯ ಪವರ್‌ಗ್ಲೈಡ್‌ಗೆ 14, ಟರ್ಬೊ 350ಕ್ಕೆ 13, 1982ರಲ್ಲಿ ಬಂದ 700ಆರ್4ಕ್ಕೆ 16.

ತಟ್ಟೆ ಕೈಗೆ ಬಂದ ಮೇಲೆ ಅನುಭವಿ ಅದನ್ನು ತಕ್ಷಣ ತೊಳೆಯುವುದಿಲ್ಲ, ಓದುತ್ತಾನೆ. ತಳದಲ್ಲಿ ತೆಳ್ಳಗೆ ಕಪ್ಪು ಪುಡಿಯಿದ್ದರೆ ಅದು ಕ್ಲಚ್ಚಿನ ಸಹಜ ಸವೆತ. ಮೂಲೆಯ ಅಯಸ್ಕಾಂತದ ಮೇಲೆ ಬೂದುಬಣ್ಣದ ಮೆತ್ತನೆಯ ಲೇಪವೂ ಸಹಜವೇ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು, ಹೊಳೆಯುವ ಹಿತ್ತಾಳೆಯ ಹುಡಿ ಕಂಡರೆ ಒಳಗೆ ಹಲ್ಲುಚಕ್ರವೋ ಬುಷ್ಷೋ ಹೋಗಿದೆ. ಎಣ್ಣೆ ಕಂದಾಗಿ ಸುಟ್ಟ ವಾಸನೆ ಹೊಡೆದರೆ ಕ್ಲಚ್ಚೇ ಬೆಂದಿದೆ. ಹೊಸ ಎಣ್ಣೆ ಅದನ್ನು ಬದುಕಿಸದು.

ಮತ್ತೆ ಜೋಡಿಸುವಾಗ ಆಗುವ ಅನಾಹುತ ಒಂದೇ ತರಹದ್ದು: ಸೋರದಿರಲಿ ಎಂದು ಬೋಲ್ಟನ್ನು ಅತಿಯಾಗಿ ಬಿಗಿಯುವುದು. ತಗಡಿನ ತಟ್ಟೆಯ ಬೋಲ್ಟಿಗೆ ಬೇಕಾದ ಬಲ ಚಕ್ರದ ನಟ್ಟಿಗೆ ಹಾಕುವುದರ ಏಳನೆಯ ಒಂದು ಪಾಲಿನಷ್ಟು ಮಾತ್ರ. ಹೆಚ್ಚಾದರೆ ತೂತಿನ ಸುತ್ತ ತಗಡು ಗುಳಿಬಿದ್ದು, ಎರಡು ಬೋಲ್ಟಿನ ನಡುವೆ ಅಂಚು ಉಬ್ಬಿ ಅಲ್ಲಿಂದಲೇ ಸೋರುತ್ತದೆ. ಸೋರಿತೆಂದು ಮತ್ತೆ ಬಿಗಿದರೆ ಇನ್ನಷ್ಟು! ಹಾಗಾಗಿ ಮೊದಲು ಅಂಚನ್ನು ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮಮಾಡುತ್ತಾರೆ. ಆಮೇಲೆ ಹೊಸ ಫಿಲ್ಟರು, ಹೊಸ ಪ್ಯಾಕಿಂಗ್. ತಟ್ಟೆ ತುಕ್ಕು ತಿಂದಿದ್ದರೆ ಹೊಸ ತಟ್ಟೆ. ಬಸಿಯುವ ತಿರುಪುಳ್ಳ ಅಲ್ಯೂಮಿನಿಯಂ ತಟ್ಟೆಗಳನ್ನು ಹೊರಗಿನ ತಯಾರಕರು ಮಾರಲು ಆರಂಭಿಸಿದ್ದಕ್ಕೆ ಕಂಪನಿಗಳ ಆ ಉಳಿತಾಯವೇ ಕಾರಣ.

1990ರ ದಶಕದಿಂದ ಈಚೆಗೆ ಹಲವು ಕಾರು ಕಂಪನಿಗಳು ಗೇರ್‌ಬಾಕ್ಸಿನ ಎಣ್ಣೆ ಜೀವಮಾನಪೂರ್ತಿ ಸಾಕು ಎನ್ನತೊಡಗಿದವು. ಯಾರ ಜೀವಮಾನ, ಕಾರಿನದೋ ಎಣ್ಣೆಯದೋ? ಅಂಥ ಹಲವು ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್ಎಫ್ ಸಂಸ್ಥೆ ಮಾತ್ರ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ ಎಣ್ಣೆ ಬದಲಿಸಿ ಎಂದೇ ಹೇಳುತ್ತದೆ. 2001ರಲ್ಲಿ ಬಿಎಂಡಬ್ಲ್ಯು ಕಾರಿನೊಡನೆ ಬಂದ ಅದರ ಆರು ಗೇರಿನ ಪೆಟ್ಟಿಗೆಯಲ್ಲಿ ತಟ್ಟೆ ಪ್ಲಾಸ್ಟಿಕ್ಕಿನದು, ಫಿಲ್ಟರು ಅದರೊಳಗೇ ಸೇರಿಕೊಂಡಿದೆ. ಫಿಲ್ಟರು ಬದಲಿಸಬೇಕೆಂದರೆ ತಟ್ಟೆಯನ್ನೇ ಎಸೆದು ಹೊಸದು ಹಾಕಬೇಕು. ಎಣ್ಣೆಯ ಮಟ್ಟ ನೋಡುವ ಕಡ್ಡಿಯೂ ಇಲ್ಲ. ಎಣ್ಣೆಯ ಬಿಸಿ 30ರಿಂದ 50 ಡಿಗ್ರಿಯ ನಡುವೆ ಇರುವಾಗ, ಇಂಜಿನ್ ಓಡುತ್ತಿರುವಂತೆಯೇ ಪಕ್ಕದ ತೂತಿನಿಂದ ಎಣ್ಣೆ ಹೊರಸೂಸುವವರೆಗೆ ತುಂಬುತ್ತಾರೆ. ಇದೇ ಗೇರ್‌ಬಾಕ್ಸ್ ಇರುವ ಲ್ಯಾಂಡ್ ರೋವರ್ ಗಾಡಿಗಳಲ್ಲಿ ಅಡ್ಡತೊಲೆಯೊಂದು ಅಡ್ಡ ಬರುವುದರಿಂದ ಪ್ಲಾಸ್ಟಿಕ್ ತಟ್ಟೆ ಸುಲಭವಾಗಿ ಹೊರಬರುವುದಿಲ್ಲ. ಅಲ್ಲಿಯ ಮೆಕ್ಯಾನಿಕ್ಕುಗಳು ಒಳಗಿನ ಫಿಲ್ಟರಿನ ಕತ್ತನ್ನು ಗರಗಸದಿಂದ ಕುಯ್ದು ಅದನ್ನು ಹೊರಗೆಳೆಯುತ್ತಾರೆ. ಆಮೇಲೆ ಅದರ ಜಾಗದಲ್ಲಿ, ಬೇರೆ ಫಿಲ್ಟರಿನೊಡನೆ, ಉಕ್ಕಿನ ತಗಡಿನ ತಟ್ಟೆಯೊಂದನ್ನು ಕೂರಿಸುತ್ತಾರೆ.